ಬೋರಲಿಟ್ಟ ಲೋಟ

ಆ ಮನೆಯಲ್ಲಿ ನೀರು ಕುಡಿಯಬೇಕೆಂದರೆ ಅತ್ತೆಯ ಅಪ್ಪಣೆ ಬೇಕಿತ್ತು. ಅಡುಗೆಮನೆಯ ಕಿಟಕಿಯ ಕೆಳಗೆ ಕಲ್ಲಿನ ಹಲಗೆ, ಅದರ ಮೇಲೆ ಹನ್ನೆರಡು ಸ್ಟೀಲ್ ಲೋಟಗಳು, ಕೆಲವು ನೆಟ್ಟಗೆ, ಕೆಲವು ಬೋರಲು. ಒಂದೊಂದಕ್ಕೂ ಬೇರೆ ಬೇರೆ ಉಗುರುಬಣ್ಣದ ಚುಕ್ಕೆ. ಅವನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಮಗ ಬಾಯಾರಿ ಬಂದು ಕೈ ಚಾಚಿದರೆ ಅತ್ತೆ ಸೌಟು ತೋರಿಸುತ್ತಿದ್ದರು.

"ಈ ಮನೇಲಿ ಬಾಯಾರಿಕೆಗೂ ಲೈನ್ ಕ್ಲಿಯರ್ ತಗೋಬೇಕು," ಎಂದು ಗೊಣಗಿ ಮಗ ಚೊಂಬನ್ನೇ ಎತ್ತಿ ಗಟಗಟ ಕುಡಿಯುತ್ತಿದ್ದ.

ಲೈನ್ ಕ್ಲಿಯರ್ ಎಂದರೇನೆಂದು ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಕಂಬ ಹತ್ತುವವರು ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಆ ಲೈನಿನ ಕರೆಂಟು ತೆಗೆಸಬೇಕು. ಅಲ್ಲಿನ ಆಪರೇಟರ್ ಸ್ವಿಚ್ಚು ತೆಗೆದು, ಕೆಂಪು ಬಿಲ್ಲೆ ತೂಗುಹಾಕಿ, ಒಂದು ನಂಬರು ಕೊಡುತ್ತಾರೆ. ಕೆಲಸ ಮುಗಿಸಿ ನೆಲಕ್ಕಿಳಿದ ಮೇಲೆ, ಆ ನಂಬರು ತಗೊಂಡವರೇ ತಮ್ಮ ಬಾಯಿಂದ ಅದನ್ನು ವಾಪಸ್ ಕೊಡಬೇಕು. ಬೇರೆಯವರು ಕೊಟ್ಟರೆ ಸಲ್ಲದು. ಮೂವತ್ತು ವರ್ಷದ ಹಿಂದೆ ಅತ್ತೆಯ ಗಂಡ ಕಂಬದ ತುದಿಯಲ್ಲಿದ್ದಾಗ "ಅವನು ಇಳಿದ" ಎಂದು ಯಾರೋ ಹೇಳಿದರು, ಯಾರೋ ನಂಬಿ ಸ್ವಿಚ್ಚು ಹಾಕಿದರು. ಆ ಯಾರೋ ಯಾರೆಂದು ಕೊನೆಗೂ ಹೊರಗೆ ಬರಲಿಲ್ಲ.

ಆಗ ಮಗನಿಗೆ ಒಂಬತ್ತು ವರ್ಷ. ಅಂದಿನಿಂದ ಸ್ವಿಚ್ಚು ಕಂಡರೆ ಮಾರು ದೂರ ಸರಿಯುವವನಾದ. ಬೆಳೆದು ದರ್ಜಿಯಾದ ಮೇಲೂ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸದೆ ಕಾಲಲ್ಲೇ ತುಳಿಯುತ್ತಿದ್ದ. ಬಲ್ಬು ಕೆಟ್ಟರೆ ಹೆಂಡತಿ ಬರುವ ತನಕ ಕತ್ತಲಲ್ಲೇ ಕೂರುತ್ತಿದ್ದ. ಅಂಥವನಿಗೆ ಸಿಕ್ಕಿದ ಹೆಂಡತಿ ಸಬ್‌ಸ್ಟೇಷನ್ನಿನ ಆಪರೇಟರ್! ಇಡೀ ಊರಿನ ದೀಪ ಅವಳ ಬೆರಳ ತುದಿಯಲ್ಲಿ. "ಯಾವುದು ಬೇಡ ಅಂತ ಬಾಗಿಲು ಹಾಕಿದ್ನೋ ಅದೇ ಸೇರಕ್ಕಿ ಒದ್ದು ಒಳಗೆ ಬಂತು," ಎಂದು ಅತ್ತೆ ಸೊಸೆಯ ಎದುರೇ ಹೇಳುತ್ತಿದ್ದರು. ಸೊಸೆ ನಗುತ್ತಿದ್ದಳು. ಅತ್ತೆಯ ನಾಲಿಗೆ ಖಾರ, ಕೈ ಮೆತ್ತಗೆ ಎಂಬುದು ಅವಳಿಗೆ ಮದುವೆಯಾದ ತಿಂಗಳಲ್ಲೇ ತಿಳಿದಿತ್ತು.

ಲೋಟಗಳ ಕಥೆ ಶುರುವಾದದ್ದು ಒಂದು ಪರೀಕ್ಷೆಯಿಂದ. ಬಡ್ತಿಯ ಪರೀಕ್ಷೆ ಸೊಸೆಗೆ ಎರಡು ಸಲ ತಪ್ಪಿತ್ತು. ಓದದೆ ಅಲ್ಲ, ತಾರೀಕೇ ಗೊತ್ತಾಗದೆ. ಯಾವ ಹುದ್ದೆ ಖಾಲಿ, ಯಾವ ಅರ್ಜಿಗೆ ಯಾರ ಸಹಿ, ಯಾವ ಸಾಹೇಬರ ಮುಂದೆ ಯಾವ ಹೊತ್ತಲ್ಲಿ ನಿಲ್ಲಬೇಕು ಎಂಬುದೆಲ್ಲ ಗಂಡಸರಿಗೆ ಗೇಟಿನೆದುರಿನ ಟೀ ಅಂಗಡಿಯಲ್ಲಿ ಸಿಗುತ್ತಿತ್ತು. ಹೆಂಗಸರಿಗೆ ಅದೇ ಸುದ್ದಿ ಮುಟ್ಟುತ್ತಿದ್ದುದು ನೋಟೀಸಿನ ಕಾಗದ ಬೋರ್ಡಿನಲ್ಲಿ ಹಳದಿಗಟ್ಟಿದ ಮೇಲೆ.

"ನಮಗೂ ಒಂದು ಟೀ ಅಂಗಡಿ ಬೇಕು ಕಣ್ರೀ," ಎಂದು ಸೊಸೆ ಗಂಡನಿಗೆ ಹೇಳಿದಳು. ಊರಿನಲ್ಲಿ ಕರೆಂಟು, ಗ್ಯಾಸು, ಸೋಲಾರ್ ಎಂದು ದುಡಿಯುವ ಹೆಂಗಸರನ್ನೆಲ್ಲ ಹುಡುಕಿ ಹುಡುಕಿ, ಭಾನುವಾರ ಹತ್ತಕ್ಕೆ ನಮ್ಮನೆಗೆ ಬನ್ನಿ ಎಂದು ಕರೆದಳು. ಮೊದಲ ವಾರ ಬಂದವರು ಮೂವರು. ಮನೆಮನೆ ಅಲೆದು ಮೀಟರ್ ಓದುವ ಮೀಟರಕ್ಕ, ಚಾವಣಿಗಳ ಮೇಲೆ ಸೋಲಾರ್ ಹಲಗೆ ಕೂರಿಸುವ ಫಿಟ್ಟರ್ ಹೆಂಗಸು, ಮತ್ತೆ ಲೈನ್ ಕೆಲಸದ ಒಬ್ಬ ಹುಡುಗಿ. ಇಪ್ಪತ್ತಮೂರು ವರ್ಷದ ಈ ಹುಡುಗಿ ಕಂಬ ಹತ್ತುವ ಚುರುಕು ನೋಡಿ ಎಲ್ಲರೂ ಅವಳನ್ನು ಅಳಿಲು ಎನ್ನುತ್ತಿದ್ದರು.

ಮನೆಯಲ್ಲಿದ್ದದ್ದು ಒಂದೇ ದೊಡ್ಡ ಕೋಣೆ, ಅದೂ ದರ್ಜಿಯ ಅಂಗಡಿ. ಭಾನುವಾರ ಅವನು ಬಟ್ಟೆ ಕತ್ತರಿಸುವ ಮೇಜನ್ನು ಗೋಡೆಗೆ ತಳ್ಳಿ, ಅರ್ಧ ಹೊಲಿದ ಶರ್ಟುಗಳನ್ನು ಮಂಚದ ಮೇಲೆ ಗುಡ್ಡೆ ಹಾಕಬೇಕಾಯಿತು.

"ವಾರವೆಲ್ಲ ಊರಿಗೆ ಕರೆಂಟು ಕೊಡ್ತಾಳೆ, ಭಾನುವಾರ ಊರನ್ನೇ ಮನೆಗೆ ಕರ್ಕೊಂಡು ಬರ್ತಾಳೆ," ಎಂದು ಅತ್ತೆ ಟೀಗೆ ನೀರಿಟ್ಟರು.

"ನಾಲ್ಕೇ ಜನ ಅಜ್ಜಿ," ಎಂದಳು ಮೊಮ್ಮಗಳು. ಹದಿನೈದರ ಹುಡುಗಿ. ದರ್ಜಿಯ ಮಗಳಾದ್ದರಿಂದಲೂ ಮಾತು ನೆಟ್ಟಗೆ ಚುಚ್ಚುತ್ತಿದ್ದುದರಿಂದಲೂ ಮನೆಯಲ್ಲಿ ಅವಳ ಹೆಸರು ಸೂಜಿ.

"ನಾಲ್ಕು ಜನಕ್ಕೆ ಟೀ ಮಾಡೋಳು ಒಬ್ಬಳೇ ತಾನೇ?"

ಒಳಗೆ ಸೊಸೆ ಪರೀಕ್ಷೆ, ಅರ್ಜಿ, ಬಡ್ತಿ ಎಂದು ಬರೆದುಕೊಂಡದ್ದನ್ನು ಓದುತ್ತಿದ್ದಳು. ಮೀಟರಕ್ಕನಿಗೆ ಆಕಳಿಕೆ ಬರುತ್ತಿತ್ತು. ಟೀ ತಂದ ಅತ್ತೆ ಲೋಟ ಕೊಡುವಾಗ ಅಳಿಲಿನ ಅಂಗೈ ನೋಡಿದರು. ಅಂಗೈ ತುಂಬ ಜಡ್ಡು.

"ನೀನು ಕಂಬ ಹತ್ತಿದಾಗ ನಿಮ್ಮನೇಲಿ ಯಾರಿಗೆ ಗೊತ್ತಿರುತ್ತೆ?"

"ಯಾರಿಗೂ ಇಲ್ಲಮ್ಮ. ನಮ್ಮಮ್ಮನಿಗೆ ಆಫೀಸಲ್ಲಿ ಫೈಲ್ ನೋಡ್ತೀನಿ ಅಂತ ಹೇಳಿದ್ದೀನಿ. ಗೊತ್ತಾದ್ರೆ ಬಿಡಿಸಿಬಿಡ್ತಾಳೆ."

ಅತ್ತೆ ಟೀ ತಟ್ಟೆಯನ್ನು ಕೆಳಗಿಟ್ಟರು. ಆಮೇಲೆ ಹೇಳಿದರು: "ನನಗೆ ಹೇಳು. ಹತ್ತೋಕೆ ಮುಂಚೆ ಹತ್ತಿದೆ ಅನ್ನು, ಇಳಿದ ಮೇಲೆ ಇಳಿದೆ ಅನ್ನು. ಅಷ್ಟೇ. ಕೂತು ಕಾಯೋದು ನನಗೆ ಅಭ್ಯಾಸ."

ಮಾರನೆಯ ದಿನ ಫೋನ್ ಬಂದಾಗ ಅತ್ತೆಯ ಕೈಯಲ್ಲಿ ತೊಳೆದ ಲೋಟವಿತ್ತು. "ಅಮ್ಮಾ, ಹತ್ತಿದೆ." ಮರೆತುಬಿಟ್ಟೇನು ಎಂದು ಅವರು ಆ ಲೋಟವನ್ನು ಹಲಗೆಯ ಮೇಲೆ ಬೋರಲಿಟ್ಟರು. ಮುಕ್ಕಾಲು ಗಂಟೆಯಾದ ಮೇಲೆ "ಇಳಿದೆ" ಎಂದಾಗ ನೆಟ್ಟಗಿಟ್ಟರು. ಸೂಜಿ ತನ್ನ ಕಿತ್ತಳೆ ಉಗುರುಬಣ್ಣದಿಂದ ಅದಕ್ಕೊಂದು ಚುಕ್ಕೆ ಇಟ್ಟಳು.

ಬಡ್ತಿಯ ಮಾತಿಗೆ ಬಾರದವರು ಲೋಟಕ್ಕೆ ಬಂದರು. ಸೋಲಾರ್ ಫಿಟ್ಟರ್ ಹೆಂಗಸು ನನಗೂ ಒಂದು ಇಡಿ ಎಂದಳು. ಅವಳ ಕೈಕೆಳಗಿನ ಇಬ್ಬರು ಬಂದರು, ಟ್ರಾನ್ಸ್‌ಫಾರ್ಮರ್ ರಿಪೇರಿಯ ಹೆಂಗಸು ಬಂದಳು. ಬಂದ ಮೇಲೆ ಕೂರುತ್ತಿದ್ದರು, ಕೂತ ಮೇಲೆ ಮಾತು ತಾನಾಗಿ ಪರೀಕ್ಷೆಗೆ, ಅರ್ಜಿಗೆ ಹೊರಳುತ್ತಿತ್ತು. ಮೀಟರಕ್ಕ ಆ ವರ್ಷ ತಾರೀಕು ತಪ್ಪದೆ ಪರೀಕ್ಷೆ ಬರೆದಳು. ಫಿಟ್ಟರ್ ಹೆಂಗಸಿಗೆ ಬಳಗದವರ ಮಾತಿನಿಂದಲೇ ಒಂದು ದೊಡ್ಡ ಕಟ್ಟಡದ ಕೆಲಸ ಸಿಕ್ಕಿತು. ಒಂದೂವರೆ ವರ್ಷದಲ್ಲಿ ಬಳಗದಲ್ಲಿ ಇಪ್ಪತ್ತಾರು ಜನ, ಅವರಲ್ಲಿ ಎತ್ತರದ ಕೆಲಸದ ಹನ್ನೊಂದು ಮಂದಿಗೆ ಹನ್ನೊಂದು ಲೋಟ. ಹನ್ನೆರಡನೆಯದು ಬಿಳಿ ಚುಕ್ಕೆಯದು, ಸೊಸೆಯದು. ಅವಳು ಕಂಬ ಹತ್ತುವವಳಲ್ಲ. ಆದರೂ ಕೆಲಸಕ್ಕೆ ಹೊರಟಾಗ ಅತ್ತೆ ಅದನ್ನು ಬೋರಲಿಡುತ್ತಿದ್ದರು. ಸಂಜೆ ಹೊಸ್ತಿಲಲ್ಲೇ "ಬಂದೆ ಅತ್ತೆ" ಎಂದರೆ ನೆಟ್ಟಗಿಡುತ್ತಿದ್ದರು. ಒಂದು ದಿನ ಮರೆತು ಸೀದಾ ಬಚ್ಚಲಿಗೆ ಹೋದಾಗ, "ಬಾಯಲ್ಲಿ ಹೇಳೋ ತನಕ ನೀನು ಬಂದಿಲ್ಲ ಕಣೇ," ಎಂದು ಬಾಗಿಲು ತಟ್ಟಿ ಹೇಳಿಸಿಕೊಂಡಿದ್ದರು.

ಹೀಗಿರುವಾಗ ಹೆಡ್ ಆಫೀಸಿನಿಂದ ಒಂದು ಪತ್ರ ಬಂತು. ಮೂವತ್ತು ಜನ ಸದಸ್ಯರಿದ್ದರೆ ಬಳಗಕ್ಕೆ ಇಲಾಖೆಯ ಮಾನ್ಯತೆ, ಕಚೇರಿಯಲ್ಲೇ ಒಂದು ಕೋಣೆ, ತರಬೇತಿಗೆ ವರ್ಷಕ್ಕೆ ನಾಲ್ವರು. ಹಿರಿಯ ಇಂಜಿನಿಯರ್ ಮೇಡಂ ಒಬ್ಬರು ಮುಂದಿನ ತಿಂಗಳ ಮೂರನೇ ಭಾನುವಾರ ತಾವೇ ಬಂದು ನೋಡುತ್ತಾರೆ. ಸೊಸೆ ಪತ್ರವನ್ನು ಊಟದ ತಟ್ಟೆಯ ಪಕ್ಕ ಇಟ್ಟುಕೊಂಡು ಮೂರು ಸಲ ಓದಿದಳು. ಇನ್ನು ನಾಲ್ಕೇ ಜನ ಬೇಕು.

ಅದೇ ಊಟದಲ್ಲಿ ದರ್ಜಿ ಮೊದಲ ತುತ್ತು ಬಾಯಿಗಿಟ್ಟು ಮುಖ ಕಿವುಚಿದ.

"ಅಮ್ಮ, ಬೇಳೆಗೆ ಉಪ್ಪು ಎರಡು ಸಲ ಹಾಕಿದ್ದೀಯ."

"ಒಂದು ಸಲವೂ ಹಾಕಿಲ್ಲ, ಈಗ ಹಾಕೋಣ ಅಂತಿದ್ದೆ," ಎಂದರು ಅತ್ತೆ ಉಪ್ಪಿನ ಡಬ್ಬಿ ಹಿಡಿದು.

ಎಲ್ಲರೂ ನಕ್ಕರು. ಎರಡು ದಿನದ ಮೇಲೆ ಹಾಲು ಉಕ್ಕಿ ಒಲೆ ಆರಿ, ಗ್ಯಾಸು ವಾಸನೆ ಬಂದಾಗ ಯಾರೂ ನಗಲಿಲ್ಲ. ಅತ್ತೆ ಒಲೆಯ ಎದುರೇ ಕೂತಿದ್ದರು. ಮತ್ತೊಂದು ದಿನ ಸೂಜಿಯನ್ನು ನಿಲ್ಲಿಸಿ, "ನಿಮ್ಮಪ್ಪ ಸ್ಕೂಲಿಂದ ಬಂದ್ನಾ?" ಎಂದು ಕೇಳಿದರು.

ಸೂಜಿ ಅಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ತಂತಿಯ ಮೇಲೆ ಬಟ್ಟೆ ಒಣಹಾಕುತ್ತಲೇ ಹೇಳಿದಳು: "ಅಮ್ಮ, ನಿನ್ನೆ ಫಿಟ್ಟರ್ ಆಂಟಿ ಗಂಡ ಫೋನ್ ಮಾಡಿದ್ರು. ಅಜ್ಜಿ ಅವರಿಗೆ ಇಳಿದಾಳೆ ಅಂದ್ರು. ಆಂಟಿ ಇನ್ನೂ ಚಾವಣಿ ಮೇಲೇ ಇದ್ರು. ಲೋಟ ಬೋರಲಿಡೋದೇ ಮರ್ತಿದ್ರು ಅಜ್ಜಿ."

"ಆಮೇಲೆ?"

"ಆಮೇಲೇನು, ಆಂಟಿ ನಕ್ಕು ಸುಮ್ಮನಾದ್ರು. ಇನ್ಮೇಲೆ ಲೋಟ ನಾನು ನೋಡ್ಕೋತೀನಿ. ಇಲ್ಲಾಂದ್ರೆ ಎಲ್ರಿಗೂ ಹೇಳಿಬಿಡು."

"ನೀನು ಸ್ಕೂಲಿಗೆ ಹೋಗ್ತೀಯೋ, ಲೋಟ ನೋಡ್ತೀಯೋ? ಸುಮ್ನಿರು. ಮೂರು ವಾರ. ಮೇಡಂ ಬಂದು ಹೋಗ್ಲಿ."

"ಮೂರು ವಾರದಲ್ಲಿ ಅಜ್ಜಿಗೆ ನೆನಪು ಬರುತ್ತಾ?"

"ಬಾಯಿ ಮುಚ್ಚು. ಬಳಗದಲ್ಲಿ ಯಾರ ಹತ್ರನೂ ಆಡಬೇಡ."

ಸೊಸೆ ಕೆಟ್ಟವಳಲ್ಲ. ಈಗ ಹೇಳಿದರೆ ಲೋಟ ನಿಲ್ಲುತ್ತದೆ, ಲೋಟ ನಿಂತರೆ ಹೆಂಗಸರು ನಿಲ್ಲುತ್ತಾರೆ, ಮೂವತ್ತಿರಲಿ ಮೂವರೂ ಉಳಿಯುವುದಿಲ್ಲ ಎಂಬ ಹೆದರಿಕೆ ಅವಳಿಗೆ. ಇನ್ನೊಂದು ಮಾತೂ ಇತ್ತು. ಮೂವತ್ತು ವರ್ಷ ಮೂಲೆಯಲ್ಲಿ ಕೂತಿದ್ದ ಮುದುಕಿ ಈ ಒಂದೂವರೆ ವರ್ಷದಲ್ಲಿ ತಲೆ ಬಾಚಿಕೊಂಡು, ಸೆರಗು ಬಿಗಿದು, ಫೋನಿಗೆ "ಹ್ಞೂ, ಹೇಳು" ಎನ್ನುವ ಜೋರು ಕಲಿತಿದ್ದರು. ಅದನ್ನು ಕಿತ್ತುಕೊಳ್ಳಲು ಸೊಸೆಗೆ ಕೈ ಬರಲಿಲ್ಲ. ಎರಡೂ ನಿಜ. ಯಾವುದು ಹೆಚ್ಚು ನಿಜ ಎಂದು ಆಮೇಲೆ ಅವಳು ಬಹಳ ಸಲ ತೂಗಿ ನೋಡಿದಳು, ತಕ್ಕಡಿ ನಿಲ್ಲಲಿಲ್ಲ.

ಗಂಡನೂ ಕೇಳಿದ. ರೊಟ್ಟಿ ಮುರಿಯುತ್ತ ತಲೆಯೆತ್ತದೆ ಕೇಳಿದ.

"ಅಮ್ಮನ್ನ ಡಾಕ್ಟರಿಗೆ ತೋರಿಸಬೇಕು. ಆ ಫೋನಿನ ಕೆಲಸ ಸಾಕು ಮಾಡು."

"ಮೇಡಂ ಬಂದು ಹೋದ ಮಾರನೇ ದಿನವೇ ನಿಲ್ಲಿಸ್ತೀನಿ. ಆಣೆ."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ಇವತ್ತು ನಿಲ್ಲಿಸ್ತೀಯೋ ಇಲ್ವೋ?"

"ಹೇಳಿದ್ನಲ್ಲ ರೀ! ಹದಿನೈದು ವರ್ಷದಿಂದ ನಾನು ಕೂತ ಕುರ್ಚಿ ಬದಲಾಗಿಲ್ಲ. ನನ್ನ ಹಿಂದೆ ಸೇರಿದ ಹುಡುಗರೆಲ್ಲ ನನ್ನ ಸಾಹೇಬರಾದ್ರು. ನನಗಾಗಿ ಒಂದು ಸಲ ಮೂರು ವಾರ ಕಾಯೋಕಾಗಲ್ವಾ ನಿಮಗೆ?"

ಅವನು ಉಳಿದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದು ಯಂತ್ರ ತುಳಿಯಲು ಕೂತ. ಆ ವಾರವೆಲ್ಲ ಮನೆಯಲ್ಲಿ ಮಾತಿಗಿಂತ ಯಂತ್ರದ ಸದ್ದೇ ಹೆಚ್ಚಾಗಿತ್ತು.

ಮೂರನೇ ಭಾನುವಾರ ಬಂತು. ಗ್ಯಾಸ್ ಗೋದಾಮಿನ ನಾಲ್ವರು ಗುಮಾಸ್ತೆಯರು ಸೇರಿ ಬಳಗ ಮೂವತ್ತಾಗಿತ್ತು. ಹನ್ನೊಂದೂವರೆಗೆ ಸಮುದಾಯ ಭವನದಲ್ಲಿ ಸಭೆ. ಸೊಸೆಗೆ ಬೆಳಗಿನ ಪಾಳಿ ತಪ್ಪಿಸಲಾಗಲಿಲ್ಲ. ಹನ್ನೆರಡಕ್ಕೆ ಬಿಟ್ಟು ಓಡುವುದೆಂದು ಹೊಸ ಸೀರೆ ಉಟ್ಟೇ ಕೆಲಸಕ್ಕೆ ಹೋದಳು. ಸಭೆಯಲ್ಲಿ ಮಾತಾಡಬೇಕಿದ್ದ ಅಳಿಲಿಗೂ ಅವತ್ತೇ ಕೆಲಸ ಬಿತ್ತು. ಗಾಳಿಗೆ ಮುರಿದ ಕೊಂಬೆಯೊಂದು ಲೈನಿನ ಮೇಲೆ ಒರಗಿತ್ತು.

ಹತ್ತು ಗಂಟೆಗೆ ಅಳಿಲು ಫೋನ್ ಮಾಡಿದಳು. "ಅಕ್ಕ, ಲೈನ್ ಕ್ಲಿಯರ್ ಕೊಡಿ. ಒಂದು ಗಂಟೆ ಕೆಲಸ. ಬಂದು ಭಾಷಣ ಮಾಡೇ ಮಾಡ್ತೀನಿ."

"ಬೆವರು ಒರೆಸ್ಕೊಂಡು ಬಾರೇ, ಮೇಡಂ ಮೂಗು ಮುಚ್ಕೋತಾರೆ," ಎಂದು ನಗುತ್ತಲೇ ಸೊಸೆ ಸ್ವಿಚ್ಚು ತೆಗೆದು, ಕೆಂಪು ಬಿಲ್ಲೆ ಹಾಕಿ, ನಂಬರು ಕೊಟ್ಟಳು.

ಸಮುದಾಯ ಭವನಕ್ಕೂ ಅದೇ ಲೈನು. ಹನ್ನೊಂದು ಕಳೆದು ಕಾಲು ಗಂಟೆಗೆ ಮೀಟರಕ್ಕನ ಫೋನ್: "ಮೇಡಂ ಬಂದು ಕೂತಿದ್ದಾರೆ. ಫ್ಯಾನಿಲ್ಲ, ಮೈಕಿಲ್ಲ. ಕರೆಂಟಿನ ಹೆಂಗಸರ ಸಭೆಯಲ್ಲಿ ಕರೆಂಟೇ ಇಲ್ವಾ ಅಂತ ನಗ್ತಿದ್ದಾರೆ." ಹನ್ನೊಂದೂವರೆಗೆ ಇನ್ನೊಂದು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮತ್ತೊಂದು: "ಮೇಡಂಗೆ ಒಂದು ಗಂಟೆಗೆ ರೈಲು. ಎದ್ದು ನಿಂತಿದ್ದಾರೆ."

ಸೊಸೆ ಅಳಿಲಿಗೆ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಜೊತೆಗಿದ್ದ ಹಿರಿಯ ಲೈನ್‌ಮನ್‌ಗೆ ಮಾಡಿದಳು. "ನಾನು ಸಾಮಾನಿಗೆ ಸ್ಟೋರಿಗೆ ಬಂದೆ ಮೇಡಂ. ಇಷ್ಟೊತ್ತಿಗೆ ಇಳಿದಿರಬೇಕು," ಎಂದ. ಇರಬೇಕು ಎಂಬ ಮಾತಿಗೆ ಸ್ವಿಚ್ಚು ಹಾಕುವಷ್ಟು ಪೆದ್ದಿಯಲ್ಲ ಸೊಸೆ. ಅವಳು ಮನೆಗೆ ಮಾಡಿದಳು.

"ಅತ್ತೆ, ಅಳಿಲು ಇಳಿದಳಾ? ಲೋಟ ನೋಡಿ ಹೇಳಿ."

ಅತ್ತೆ ಎದ್ದು ಹೋಗಿ ನೋಡಿ ಬಂದರು. "ನೆಟ್ಟಗಿದೆ ಕಣೇ. ಇಳಿದಾಳೆ."

"ಕಿತ್ತಳೆ ಚುಕ್ಕೆ?"

"ಕಿತ್ತಳೆ ಚುಕ್ಕೆ. ಫಳಫಳ ಅಂತಿದೆ."

ಲೋಟ ನಿಜವಾಗಿಯೂ ಫಳಫಳ ಎನ್ನುತ್ತಿತ್ತು. ಸಭೆ ಮುಗಿದ ಮೇಲೆ ದೊಡ್ಡ ಮೇಡಂ ಮನೆಗೂ ಬಂದಾರು ಎಂದು ಅತ್ತೆ ಹತ್ತೂವರೆಗೆ ಎಲ್ಲ ಹನ್ನೆರಡು ಲೋಟಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಒರೆಸಿ, ಸಾಲಾಗಿ ನೆಟ್ಟಗೆ ಜೋಡಿಸಿದ್ದರು. ಅದಕ್ಕೂ ಮೊದಲು ಅಳಿಲು "ಹತ್ತಿದೆ ಅಮ್ಮಾ" ಎಂದದ್ದು ಅವರಿಗೆ ನೆನಪಿರಲಿಲ್ಲ. ಸೂಜಿ ಭವನದಲ್ಲಿ ಕುರ್ಚಿ ಹಾಕುತ್ತಿದ್ದಳು.

ಸೊಸೆ ಕೆಂಪು ಬಿಲ್ಲೆ ತೆಗೆದು ಸ್ವಿಚ್ಚು ಹಾಕಿದಳು. ಭವನದಲ್ಲಿ ಫ್ಯಾನು ತಿರುಗಿತು, ಮೈಕು ಕೀರಲಿಟ್ಟಿತು, ಮೂವತ್ತರಲ್ಲಿ ಇಪ್ಪತ್ತೆಂಟು ಹೆಂಗಸರು ಚಪ್ಪಾಳೆ ತಟ್ಟಿದರು.

ಅಳಿಲಿನ ಕೆಲಸ ಮುಗಿದಿತ್ತು. ತಪ್ಪಿ ಕರೆಂಟು ಬಂದರೆ ನೆಲಕ್ಕಿಳಿಸಿ ಕಾಪಾಡಲೆಂದು ಲೈನಿಗೆ ಕಟ್ಟಿದ್ದ ಅರ್ಥ್ ಸರಪಳಿಯನ್ನೂ ಬಿಚ್ಚಿಯಾಗಿತ್ತು. ಇಳಿಯುವುದೊಂದೇ ಬಾಕಿ.

ಸೊಂಟದ ಬೆಲ್ಟು ಅವಳನ್ನು ಬೀಳಲು ಬಿಡಲಿಲ್ಲ, ಅದರಿಂದ ಜೀವ ಉಳಿಯಿತು. ಎಡಗೈ ಉಳಿಯಲಿಲ್ಲ. ಮಣಿಕಟ್ಟಿನಿಂದ ಒಂದು ಗೇಣು ಮೇಲೆ ಡಾಕ್ಟರು ತೆಗೆದರು. ಆಸ್ಪತ್ರೆಯ ವರಾಂಡದಲ್ಲಿ ಅವಳ ತಾಯಿ ಬಂದ ಬಂದವರ ಕೈ ಹಿಡಿದು, "ಫೈಲ್ ನೋಡೋಳಿಗೆ ಕರೆಂಟು ಹೇಗೆ ಹೊಡೀತು? ಯಾರಾದ್ರೂ ಹೇಳಿ," ಎಂದು ಕೇಳುತ್ತಿದ್ದರು. ಸೊಸೆ ಹೊಸ ಸೀರೆಯಲ್ಲೇ ಗೋಡೆಗೆ ಆತು ನಿಂತಿದ್ದಳು. ಅವಳ ಕೈಯನ್ನೂ ಆ ತಾಯಿ ಹಿಡಿದು ಅದನ್ನೇ ಕೇಳಿದರು. ಸೊಸೆಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕತ್ತರಿಸುವ ಮೇಜಿನ ಕೆಳಗೆ ಕೂತಳು. ಮಾತಾಡಲಿಲ್ಲ. ಸೂಜಿ ಅಳುತ್ತಳುತ್ತ ಅಜ್ಜಿಗೆ ಎಲ್ಲ ಹೇಳಿದಳು. ಅತ್ತೆ ಕೇಳಿಸಿಕೊಂಡರು. ಸೊಸೆಯನ್ನು ನೋಡಿದರು. ಅಡುಗೆಮನೆಗೆ ಹೋಗಿ ಹಲಗೆಯ ಹತ್ತಿರ ಏನೋ ಮಾಡಿ ಬಂದು ಮಲಗಿದರು.

"ನಾನು ಹೇಳಿದ್ದೆ," ಎಂದಳು ಸೂಜಿ.

"ಹೇಳಿದ್ದೆ," ಎಂದಳು ಸೊಸೆ.

ವಿಚಾರಣೆ ಎರಡನೇ ವಾರ ನಡೆಯಿತು. ಮೂವರು ಅಧಿಕಾರಿಗಳು, ಒಂದು ಮೇಜು, ಗಾಜಿನ ಲೋಟದಲ್ಲಿ ನೀರು.

"ಸ್ವಿಚ್ಚು ಹಾಕೋಕೆ ಎರಡು ನಿಮಿಷ ಮುಂಚೆ ಮನೆಗೆ ಫೋನ್ ಮಾಡಿದ್ದೀರಿ. ಯಾಕೆ?"

"ಊಟಕ್ಕೆ ತಡ ಆಗುತ್ತೆ ಅಂತ ಹೇಳೋಕೆ."

"ಆ ಹುಡುಗಿ ಇಳಿದಳು ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಇಳಿದಿರ್ತಾಳೆ ಅಂತ ನಾನೇ ಅಂದ್ಕೊಂಡೆ."

"ನಿಯಮ ಗೊತ್ತಿಲ್ವಾ ನಿಮಗೆ?"

"ಗೊತ್ತಿತ್ತು ಸಾರ್."

ಅಮಾನತಿನ ಆದೇಶ ಕೈಗೆ ಬಂತು. ದರ್ಜಿ ಅದನ್ನು ಓದಿ ಮಡಿಸಿ ಯಂತ್ರದ ಡ್ರಾಯರಿನಲ್ಲಿಟ್ಟ. ಅವನು ಕೂಗಾಡುತ್ತಾನೆಂದು ಸೊಸೆ ಕಾದಳು. ಕೂಗಾಡಿದ್ದರೆ ಅವಳಿಗೇ ಹಗುರಾಗುತ್ತಿತ್ತು. ಅವನು ಯಂತ್ರದ ಸೂಜಿಗೆ ದಾರ ಪೋಣಿಸುತ್ತ ಕೂತ, ದಾರ ಹೋಗಲಿಲ್ಲ.

"ನಮ್ಮಪ್ಪನ ಲೈನಿಗೆ ಸ್ವಿಚ್ಚು ಹಾಕಿದೋನು ಯಾರು ಅಂತ ಚಿಕ್ಕಂದಿನಿಂದ ಹುಡುಕ್ತಿದ್ದೆ," ಎಂದ ಕೊನೆಗೆ. "ಸಿಕ್ಕಿದ್ರೆ ಕತ್ತು ಹಿಸುಕಬೇಕು ಅಂತ. ಅವನಿಗೂ ಒಂದು ಮನೆ ಇತ್ತು, ಹೆಂಡ್ತಿ ಮಕ್ಕಳು ಹೀಗೇ ಕೂತಿದ್ರು ಅಂತ ನನಗೆ ಹೊಳೆದೇ ಇರ್ಲಿಲ್ಲ."

ದಾರವನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಪೋಣಿಸಿ ಕೊಟ್ಟಳು. ಆ ತಿಂಗಳಲ್ಲಿ ಅವರಿಬ್ಬರ ನಡುವೆ ನಡೆದ ಮಾತುಕತೆ ಹೆಚ್ಚುಕಡಿಮೆ ಅಷ್ಟೇ.

ಬಳಗ ಕಟ್ಟಲು ಒಂದೂವರೆ ವರ್ಷ ಹಿಡಿದಿತ್ತು, ಒಡೆಯಲು ಒಂದು ವಾರ ಸಾಕಾಯಿತು. ಫೋನಿನ ಗುಂಪಿನಿಂದ ಒಬ್ಬೊಬ್ಬರೇ ಹೊರಟರು. ಗೋದಾಮಿನ ನಾಲ್ವರು ಒಟ್ಟಿಗೇ ಹೋದರು. ಫಿಟ್ಟರ್ ಹೆಂಗಸು ಮಾತ್ರ ಹೋಗುವ ಮುಂಚೆ ಫೋನ್ ಮಾಡಿ, "ಅವತ್ತು ನಾನು ಚಾವಣಿ ಮೇಲಿದ್ದಾಗ ಅಮ್ಮ ಇಳಿದಾಳೆ ಅಂದ್ರಲ್ಲ, ನಿನಗೆ ಗೊತ್ತಿತ್ತಾ?" ಎಂದು ಕೇಳಿದಳು. ಸೊಸೆ ಹೌದೆಂದಳು. ಆ ಕಡೆಯಿಂದ ಫೋನು ಇಟ್ಟ ಸದ್ದಾಯಿತು. ಕೊನೆಗೆ ಉಳಿದದ್ದು ಮೀಟರಕ್ಕ ಒಬ್ಬಳೇ. ಅವಳು ಒಂದು ಭಾನುವಾರ ಬಂದು, ಪರೀಕ್ಷೆಯಲ್ಲಿ ಪಾಸಾದೆ ಎಂದು ಹೇಳಿ, ಹೇಳಿದ್ದಕ್ಕೇ ನಾಚಿ, ಟೀ ಕುಡಿಯದೆ ಹೋದಳು.

ಫೋನು ಈಗ ಬರುತ್ತಿರಲಿಲ್ಲ. ಲೋಟಗಳು ಪುರುಸೊತ್ತಾಗಿ ನಿಂತಿದ್ದವು. ಬೇಕಾದರೆ ದರ್ಜಿ ಯಾವುದರಲ್ಲಿ ಬೇಕಾದರೂ ನೀರು ಕುಡಿಯಬಹುದಿತ್ತು, ಆದರೂ ಅವನು ಚೊಂಬನ್ನೇ ಎತ್ತುತ್ತಿದ್ದ. ಅತ್ತೆಗೆ ಕೆಲವು ದಿನ ನಡೆದದ್ದೆಲ್ಲ ನೆನಪಿರುತ್ತಿತ್ತು, ಆ ದಿನ ಅವರು ಊಟ ಬಿಡುತ್ತಿದ್ದರು. ಉಳಿದ ದಿನ ಕಿತ್ತಳೆ ಚುಕ್ಕೆಯ ಲೋಟದ ಎದುರು ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಅದು ಬೋರಲಾಗಿತ್ತು.

"ಅಳಿಲು ಇಳಿದಳು ಅಜ್ಜಿ," ಎಂದು ಸೂಜಿ ಎಷ್ಟೋ ಸಲ ಹೇಳಿದಳು. "ನೆಟ್ಟಗಿಡು."

"ನೀನು ಹೇಳಿದ್ರೆ ಆಗಲ್ಲ. ಹತ್ತಿದೋಳೇ ಹೇಳ್ಬೇಕು. ಬೇರೆಯವರ ಮಾತು ಕೇಳಿ ನೆಟ್ಟಗಿಡಬಾರದು, ಗೊತ್ತಾಯ್ತಾ?"

ಬಚ್ಚಲಲ್ಲಿ ಪಾತ್ರೆ ತೊಳೆಯುತ್ತಿದ್ದ ಸೊಸೆಗೆ ಆ ಮಾತು ಕೇಳಿಸಿತು. ಉಪ್ಪು ಹಾಕಿದ್ದು ಮರೆತ, ಒಲೆ ಮರೆತ, ಮಗನ ವಯಸ್ಸು ಮರೆತ ಮುದುಕಿಗೆ ಇದೊಂದು ಮರೆತಿರಲಿಲ್ಲ. ಎಲ್ಲ ನೆನಪಿದ್ದ ಸೊಸೆ ಮರೆತದ್ದು ಇದೊಂದನ್ನೇ. ಅವಳು ನಲ್ಲಿಯನ್ನು ಜೋರಾಗಿ ತಿರುಗಿಸಿಕೊಂಡು ಅತ್ತಳು.

ಏಳನೇ ವಾರ, ಮಧ್ಯಾಹ್ನ ಊಟದ ಹೊತ್ತಿಗೆ ಅಳಿಲು ಬಂದಳು. ತಾಯಿ ಗೇಟಿನ ಹೊರಗೇ ನಿಂತರು, ಒಳಗೆ ಬರಲೊಪ್ಪಲಿಲ್ಲ. ದರ್ಜಿ ಯಂತ್ರ ನಿಲ್ಲಿಸಿ ಎದ್ದು ನಿಂತ. ಹುಡುಗಿ ಸಣ್ಣಗಾಗಿದ್ದಳು. ಅಂಗಿಯ ಎಡತೋಳನ್ನು ಮಡಿಸಿ ಪಿನ್ನು ಹಾಕಿದ್ದರು.

ಸೊಸೆ ಎದುರಿಗೆ ಬಂದಳು. ಏನು ಹೇಳಬೇಕೆಂದು ಏಳು ವಾರ ಬಾಯಿಪಾಠ ಮಾಡಿದ್ದಳು, ಒಂದೂ ಬರಲಿಲ್ಲ.

"ಫೋನ್ ಹತ್ತಲಿಲ್ಲ ಕಣೇ," ಎಂದಳು.

"ಚಾರ್ಜು ಮುಗಿದಿತ್ತು. ನಾನು ಇಳಿದು ಹೇಳೋ ತನಕ ಕಾಯಬೇಕಿತ್ತು ಅಕ್ಕ. ನನ್ನನ್ನೇ ಕೇಳಬೇಕಿತ್ತು."

"ಹ್ಞೂ."

"ಐದು ನಿಮಿಷ ಅಕ್ಕ. ಐದೇ ನಿಮಿಷ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲಿಗೆ ಬೀಳಬಹುದಿತ್ತು. ಹುಡುಗಿ ಅವಳನ್ನು ದಾಟಿ ಅಡುಗೆಮನೆಗೆ ಹೋಗಿ, ಸ್ಟೂಲಿನ ಮೇಲಿದ್ದ ಅತ್ತೆಯ ಎದುರು ನೆಲದ ಮೇಲೆ ಕೂತಳು.

"ಅಮ್ಮಾ, ಇಳಿದೆ."

ಅತ್ತೆ ಅವಳ ಮುಖವನ್ನು ದಿಟ್ಟಿಸಿದರು. ಮಡಿಸಿದ ತೋಳನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ. "ಎಷ್ಟೊತ್ತು ಮಾಡಿದೆಯೇ ಮುಂಡೇದೆ! ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿದ್ದೀನಿ," ಎಂದು ಬೈದು, ಎದ್ದು, ಕಿತ್ತಳೆ ಚುಕ್ಕೆಯ ಲೋಟವನ್ನು ನೆಟ್ಟಗೆ ಮಾಡಿ, ನೀರು ತುಂಬಿ ಕೊಟ್ಟರು. ಅಳಿಲು ಒಂದೇ ಕೈಯಲ್ಲಿ ಹಿಡಿದು ಪೂರ್ತಿ ಕುಡಿದಳು. ತೊಳೆದು ಇಡಲು ಹೋದಳು, ಒಂದು ಕೈಯಲ್ಲಿ ಆಗಲಿಲ್ಲ. ಸೂಜಿ ತೊಳೆದು ಕೊಟ್ಟಳು. ಲೋಟವನ್ನು ಹಲಗೆಯ ಮೇಲಿಡದೆ ಹುಡುಗಿ ತನ್ನ ಚೀಲದಲ್ಲಿ ಹಾಕಿಕೊಂಡು ಹೋದಳು. ಹೋಗುವಾಗ ಸೊಸೆಯ ಕಡೆ ತಿರುಗಲಿಲ್ಲ.

ಇನ್ನಾದರೂ ಅತ್ತೆ ಸ್ಟೂಲು ಬಿಟ್ಟು ಊಟಕ್ಕೆ ಬರುತ್ತಾರೆಂದು ಸೊಸೆ ತಟ್ಟೆ ಹಾಕಿ ಕರೆದಳು. ಅತ್ತೆ ಏಳಲಿಲ್ಲ.

"ಅಳಿಲು ಬಂದು ಹೇಳಿ ಹೋದಳಲ್ಲ ಅತ್ತೆ. ಇನ್ಯಾರಿಗೆ ಕಾಯ್ತೀರಿ?"

ಅತ್ತೆ ಹಲಗೆಯತ್ತ ಕೈ ತೋರಿಸಿದರು. ಸಾಲಿನ ಕೊನೆಯಲ್ಲಿ, ಕಿಟಕಿಯ ಮೂಲೆಗೆ, ಬಿಳಿ ಚುಕ್ಕೆಯ ಲೋಟ ಬೋರಲಾಗಿತ್ತು. ಏಳು ವಾರದಿಂದ ಅದು ಹಾಗೇ ಇದ್ದಿರಬೇಕು, ಮೇಲೆ ದೂಳು ಕೂತಿತ್ತು.

"ನಾನು ಮನೇಲೇ ಇದ್ದೀನಲ್ಲ ಅತ್ತೆ."

"ಅವತ್ತು ಹೋದೋಳು ಬಂದೆ ಅಂತ ಹೇಳೇ ಇಲ್ಲ ನೀನು," ಎಂದರು ಅತ್ತೆ. "ಹೇಳು, ನೆಟ್ಟಗಿಡ್ತೀನಿ."

ಒಂದೇ ಒಂದು ಮಾತು. ಸೊಸೆ ಬಾಯಿ ತೆರೆದಳು. ಬಡಿಸಿದ ಅನ್ನ ತಟ್ಟೆಯಲ್ಲಿ ಆರುತ್ತಿತ್ತು, ಬಾಗಿಲಲ್ಲಿ ಗಂಡ ನಿಂತಿದ್ದ, ಮಗಳು ನಿಂತಿದ್ದಳು. ಆ ಮಾತು ಹೇಳದೆಯೇ ಅವಳು ಅನ್ನದ ತಟ್ಟೆಯ ಮೇಲೆ ಮುಚ್ಚಳ ಮುಚ್ಚಿದಳು. ಅತ್ತೆ ಸ್ಟೂಲನ್ನು ಹಲಗೆಯ ಹತ್ತಿರಕ್ಕೆ ಎಳೆದುಕೊಂಡು, ಕೈ ಚಾಚಿದರೆ ಲೋಟ ಸಿಗುವ ಹಾಗೆ ಕೂತು, ಕಾಯತೊಡಗಿದರು.